ಕಾರ್ಡಿನ ಪೆಟ್ಟಿಗೆಗೆ ಒಂದು ಜಾಗ

ಹೋದ ತಿಂಗಳು ಮದ್ದೂರಿಗೆ ಹೋಗಿದ್ದೆ, ತಂಗಿಯ ಮನೆಗೆ. ಎಲ್ಲಿದ್ದರೂ ಸೋಮವಾರ ಬೆಳಿಗ್ಗೆ ರಕ್ತದೊತ್ತಡ ನೋಡಿಸಿಕೊಳ್ಳುವುದು ನನ್ನ ಕ್ರಮ. ಅವಳ ಮನೆಯ ಬೀದಿಯಲ್ಲೇ ಒಂದು ಹೊಸ ಕ್ಲಿನಿಕ್ಕಿದೆ, ಅಲ್ಲಿಗೆ ಹೋದೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ಮುಂದಿನ ಮೇಜಿನ ಹತ್ತಿರ ಒಬ್ಬ ಹುಡುಗಿ ಕಂಪ್ಯೂಟರಿಗೆ ಹೊಸ ಡೇಟಾಬೇಸ್ ಹಾಕುತ್ತಿದ್ದಳು. ರೋಗಿಗಳ ಹೆಸರು, ಹಳೆಯ ಚೀಟಿ, ಎಕ್ಸ್‌ರೇ ಎಲ್ಲವೂ ಇನ್ನು ಮುಂದೆ ಅದರೊಳಗೇ ಇರುತ್ತವಂತೆ. ಸ್ವಲ್ಪ ಹೊತ್ತಾದ ಮೇಲೆ ಆ ಯಂತ್ರ ನಿಂತು ಏನೋ ಪ್ರಶ್ನೆ ಕೇಳಿತು. ಹುಡುಗಿ ಫೋನು ಮಾಡಿದಳು.

“ಸಾರ್, ಸಪೋರ್ಟ್ ಫೈಲ್ಸ್ ಎಲ್ಲಿ ಇಡ್ಲಿ ಅಂತ ಕೇಳ್ತಾ ಐತೆ. ಜಾಗ ನಾವೇ ಆರಿಸ್ಬೇಕಂತೆ.”

ಆ ಕಡೆಯವನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. “ಎಲ್ಲಾದ್ರೂ ಹಾಕಮ್ಮ. ಅದೇ ಒಂದು ಜಾಗ ತೋರಿಸಿರುತ್ತಲ್ಲ, ಒತ್ತು ಮುಂದಕ್ಕೆ. ಯಾವುದಾದ್ರೇನು.”

ಅವಳು ಒತ್ತಿದಳು. ಯಂತ್ರ ಮುಂದಕ್ಕೆ ಹೋಯಿತು. ಡಾಕ್ಟರು ಬಂದು ನೋಡಿದಾಗ ನನ್ನ ರಕ್ತದೊತ್ತಡ ಎಂದಿಗಿಂತ ಹೆಚ್ಚಿತ್ತು. ಉಪ್ಪು ಕಡಿಮೆ ಮಾಡಿ ಎಂದರು. ಹೊರಗೆ ಬಂದರೆ ಶಿಂಷೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಲ್ಲೋ ಒಂದು ಆಲೆಮನೆ ಇನ್ನೂ ನಡೆಯುತ್ತಿರಬೇಕು. ಕಬ್ಬಿನ ಹಾಲು ಕುದಿಯುವ ವಾಸನೆ, ಅದರ ಅಡಿಯಲ್ಲಿ ಸುಟ್ಟ ಸಿಪ್ಪೆಯ ಹೊಗೆ. ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ವಾಸನೆಗೆ ನನಗೆ ಬೆಲ್ಲ ನೆನಪಾಗುವುದಿಲ್ಲ. ಒಂದು ವರ್ಷ ನೆನಪಾಗುತ್ತದೆ.

ಎಪ್ಪತ್ತರ ದಶಕದ ನಡುವಿನ ವರ್ಷ ಅದು. ಮಂಡ್ಯದಲ್ಲಿ ಕ್ಷಯರೋಗಿಗಳ ಲೆಕ್ಕ ಇಡುವ ಒಂದು ಸಣ್ಣ ಕಚೇರಿಯಲ್ಲಿ ನಾನು ಹೆಲ್ತ್ ವಿಸಿಟರ್ ಆಗಿದ್ದೆ. ನರ್ಸಿಂಗ್ ಓದಿದವಳಾದ್ದರಿಂದ ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ನಮ್ಮ ತಂದೆ ಮೇಷ್ಟ್ರು. ಮನೆಯಲ್ಲಿ ಚಪ್ಪಲಿ ಬಿಡುವುದಕ್ಕೂ, ಕೊಡೆ ಒರಗಿಸುವುದಕ್ಕೂ ಜಾಗ ಗೊತ್ತುಮಾಡಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. ವಸ್ತುವನ್ನು ಎತ್ತಿ ಸರಿಯಾದ ಜಾಗಕ್ಕೆ ತಾವೇ ಇಟ್ಟು ಬರುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ಆ ಮನೆಯಿಂದ ಬಂದ ನನಗೆ ಆ ಕಚೇರಿ ಹೇಳಿ ಮಾಡಿಸಿದಂತಿತ್ತು.

ಕಚೇರಿಯಲ್ಲಿ ಮುಖ್ಯವಾದದ್ದು ರಿಜಿಸ್ಟರು. ಜಿಲ್ಲೆಯ ಪ್ರತಿಯೊಬ್ಬ ರೋಗಿಯ ಹೆಸರೂ ಅದರಲ್ಲಿರುತ್ತಿತ್ತು. ಆದರೆ ಬರೀ ರಿಜಿಸ್ಟರು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಅದು ಬಂದವರ ಹೆಸರನ್ನು ಒಂದರ ಕೆಳಗೊಂದು ಹೇಳುತ್ತದೆ, ಅಷ್ಟೆ. ಕೆಲಸ ನಡೆಯುತ್ತಿದ್ದದ್ದು ಅದಕ್ಕೆ ಆಸರೆಯಾಗಿದ್ದ ಕಾರ್ಡುಗಳಿಂದ. ಒಬ್ಬ ರೋಗಿಗೆ ಒಂದು ಕಾರ್ಡು. ಕಾರ್ಡುಗಳಿಗೆ ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ತಾರೀಖಿಗೊಂದು ಖಾನೆ. ರೋಗಿ ಮತ್ತೆ ಮಾತ್ರೆಗೆ ಬರಬೇಕಾದ ದಿನ ಯಾವುದೋ ಆ ಖಾನೆಯಲ್ಲಿ ಅವನ ಕಾರ್ಡು ಕೂತಿರುತ್ತದೆ. ಬಂದು ತೆಗೆದುಕೊಂಡು ಹೋದರೆ ಕಾರ್ಡು ಮುಂದಿನ ತಿಂಗಳ ಖಾನೆಗೆ ಹೋಗುತ್ತದೆ. ಸಂಜೆ ಬಾಗಿಲು ಹಾಕುವ ಮುಂಚೆ ಆ ದಿನದ ಖಾನೆ ನೋಡಬೇಕು. ಅಲ್ಲಿ ಉಳಿದ ಕಾರ್ಡು ಎಂದರೆ ಬಾರದ ಮನುಷ್ಯ. ಅವನಿಗೆ ಕಾಗದ ಹಾಕಬೇಕು. ಕಾಗದಕ್ಕೂ ಬಾರದಿದ್ದರೆ ಮನೆಗೆ ಹೋಗಬೇಕು. ನಾನು ಎಷ್ಟೋ ಸಂಜೆ ಖಾಲಿ ಖಾನೆ ನೋಡಿ ನೆಮ್ಮದಿಯಿಂದ ಮನೆಗೆ ಹೋಗಿದ್ದೇನೆ. ಅಷ್ಟು ಸರಳವಾದ, ಅಷ್ಟು ಚೆನ್ನಾದ ಏರ್ಪಾಡನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಮಾತ್ರೆ ಕೊಡುವುದಕ್ಕೆ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಬಾಡಿಗೆ ಕೋಣೆ ಇತ್ತು, ಒಂದೊಂದರಲ್ಲೂ ಒಬ್ಬ ಕಾಂಪೌಂಡರು. ಅದುವರೆಗೆ ಅಲ್ಲಿಯ ರೋಗಿಗಳ ಕಾರ್ಡಿನ ಪೆಟ್ಟಿಗೆ ಅಲ್ಲಿಯೇ ಇರುತ್ತಿತ್ತು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಕೆಲಸಗಾರರು, ಮಾತಿನಲ್ಲಿ ಮಿತ. ಬಂದ ವಾರದಲ್ಲೇ ಎರಡೂ ಕೋಣೆಗಳನ್ನು ನೋಡಿ ಬಂದು ನಮ್ಮನ್ನೆಲ್ಲ ಮಂಡ್ಯಕ್ಕೆ ಕರೆಸಿದರು. ಪ್ರಶ್ನೆ ಒಂದೇ: ಈ ಪೆಟ್ಟಿಗೆಗಳು ಎಲ್ಲಿರಬೇಕು?

“ಮಳವಳ್ಳಿ ಕೋಣೆ ಸೋರುತ್ತೆ ಸಾರ್, ಗೆದ್ದಲೂ ಇದೆ. ಈ ಮಳೆಗಾಲದಲ್ಲಿ ಅರ್ಧ ಖಾನೆ ತಿಂದು ಹಾಕಿದೆ” ಎಂದು ನಾನು ಹೇಳಿದೆ.

ಮಳವಳ್ಳಿಯ ಕಾಂಪೌಂಡರು ಶಿವಲಿಂಗಯ್ಯ ಬೆಂಚಿನ ಕೊನೆಯಲ್ಲಿ ಕೂತಿದ್ದರು. ನನಗಿಂತ ಹಿರಿಯರು, ಯಾರ ಮುಂದೆಯೂ ಸುಮ್ಮನಿರುವವರಲ್ಲ. “ಎಲ್ಲಾನೂ ತಿಂದಿಲ್ಲ ಕಣಿ ಸಿಸ್ಟರೇ. ಸತ್ತೋರ್ ಕಾರ್ಡ್ನೇ ನೋಡ್ಕಂಡು ತಿಂದದೆ. ಒಳ್ಳೇ ಗೆದ್ಲು.”

ಡಾಕ್ಟರು ನಗಲಿಲ್ಲ. “ಮದ್ದೂರು?”

“ಮದ್ದೂರು ಕೋಣೆಗೂ ಹೋಟ್ಲು ಅಡುಗೆಮನೆಗೂ ಒಂದೇ ಗೋಡೆ ಸಾರ್. ಕಾರ್ಡು ಮುಟ್ಟಿದರೆ ಕೈಯೆಲ್ಲ ಎಣ್ಣೆ. ಶಾಯಿ ಹಿಡಿಯಲ್ಲ” ಎಂದೆ.

“ಹಾಗಾದರೆ ಎಲ್ಲ ಮಂಡ್ಯಕ್ಕೆ ಬರಲಿ. ಮಹಡಿ ಮೇಲಿನ ಕೋಣೆ ಒಣಗಿದೆ. ಕಬ್ಬಿಣದ ಬೀರು ಇದೆ. ಒಂದು ಬೀಗ, ಒಬ್ಬರ ಕೈ.” ಹಾಗೆನ್ನುತ್ತ ನನ್ನ ಕಡೆ ನೋಡಿದರು.

“ಕಾರ್ಡು ಬೆಚ್ಗೆ ಇರ್ತವೆ ಸಾರ್, ಅದು ಸರಿ. ಕಾಯ್ಲೆಯೋರು ಅಲ್ಲಿರ್ತಾರಲ್ಲ?” ಎಂದು ಶಿವಲಿಂಗಯ್ಯ ಕೇಳಿದರು.

“ಅವರಿಗೆ ನೀವು ಅಲ್ಲೇ ಮಾತ್ರೆ ಕೊಡ್ತೀರಿ. ಯಾರಿಗೆ ಕೊಡಬೇಕು ಅಂತ ಇಲ್ಲಿಂದ ಪಟ್ಟಿ ಬರುತ್ತೆ. ಯಾರು ಬಂದರು ಅಂತ ವಾರಕ್ಕೊಂದು ಪಟ್ಟಿ ನೀವು ಬಸ್ಸಿಗೆ ಹಾಕಿ. ಸಿಸ್ಟರು ಕಾರ್ಡು ಸರಿಸ್ತಾರೆ.”

“ಕಾಯ್ಲೆಯೋನು ಎದ್ದು ಬ್ಯಾರೆ ಊರಿಗೆ ಓದ್ರೆ?”

“ವರ್ಗಾವಣೆ ಬರೆದು ಕಳಿಸಿ. ಕ್ರಮ ಇದೆಯಲ್ಲ.”

“ನಮ್ಮ ಕಡೆ ವರ್ಗಾವಣೆ ಆಗೋದು ಮೇಷ್ಟ್ರುಗೆ, ಪೊಲೀಸ್ನೋರ್ಗೆ ಸಾರ್. ಕೂಲಿಯೋರು ಸುಮ್ನೆ ಒಯ್ತಾರೆ.”

ಈಗ ಎಲ್ಲರೂ ನಕ್ಕರು, ಡಾಕ್ಟರೂ ಸೇರಿ. ಆಮೇಲೆ ಅವರು ನನ್ನ ಅಭಿಪ್ರಾಯ ಕೇಳಿದರು. ಮಂಡ್ಯವೇ ಸರಿ ಎಂದೆ. ಸೋರುವ ಕೋಣೆಯಲ್ಲಿ ಕಾಗದ ಇಡುವುದು ಕಾಗದವನ್ನು ಕೊಲ್ಲುವುದು. ಈಗ ಇಷ್ಟು ವರ್ಷ ಕಳೆದ ಮೇಲೂ ಅದನ್ನು ತಪ್ಪು ಎನ್ನಲು ನನ್ನಿಂದ ಆಗುವುದಿಲ್ಲ. ದೀಪಾವಳಿಗೆ ಮೊದಲೇ ಎರಡು ಪೆಟ್ಟಿಗೆಗಳೂ ಬಸ್ಸಿನಲ್ಲಿ ಬಂದವು. ಹರಿದ ಕಾರ್ಡುಗಳನ್ನು ಹೊಸದಾಗಿ ಬರೆದೆ, ಎಣ್ಣೆಯವನ್ನು ಸುಣ್ಣದ ಪುಡಿ ಹಾಕಿ ಒರೆಸಿದೆ, ಖಾನೆ ಖಾನೆಗೂ ತಾರೀಖು ಅಂಟಿಸಿದೆ. ತೀರಿಕೊಂಡವರ ಕಾರ್ಡುಗಳಿಗೆ ಬೀರುವಿನ ಅಡಿಯ ಡ್ರಾ ಬಿಟ್ಟೆ. ಡಾಕ್ಟರು ಬಂದು ನೋಡಿ, “ಈಗ ಇದು ಕಚೇರಿ” ಎಂದರು.

ಕಬ್ಬಿನ ಕಾಲ ಶುರುವಾಯಿತು. ಮಂಡ್ಯದ ಕಡೆ ಆ ತಿಂಗಳುಗಳಲ್ಲಿ ರಸ್ತೆಯೆಲ್ಲ ಗಾಡಿಗಳೇ. ಎತ್ತುಗಳ ಹಿಂದೆ ನೆಲಕ್ಕೆ ತಾಗುವಂತೆ ಕಬ್ಬು ಜೋತಾಡುತ್ತದೆ, ಹುಡುಗರು ಹಿಂದಿನಿಂದ ಎಳೆದುಕೊಳ್ಳುತ್ತಾರೆ. ಬೆಳಗಿನ ಹೊತ್ತು ಮಂಜು ಮತ್ತು ಆಲೆಮನೆ ಹೊಗೆ ಒಂದಕ್ಕೊಂದು ಸೇರಿ ಹೊಲದ ಮೇಲೆ ಮಲಗಿರುತ್ತವೆ. ನಾನು ವಾರಕ್ಕೊಮ್ಮೆ ಮದ್ದೂರು ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಮಾದನನ್ನು ನೋಡಿದ್ದು.

ಗೋಡೆ ಹಿಡಿದುಕೊಂಡು ಬಂದ. ಹಿಂದೆ ಹೆಂಡತಿ ಸಣ್ಣಮ್ಮ. ಇಬ್ಬರಿಗೂ ಮೂವತ್ತರ ಆಸುಪಾಸು. ಅವನು ಬೆಂಚಿನ ಮೇಲೆ ಕೂತು ಕೆಮ್ಮಿ ಮುಗಿಸುವವರೆಗೆ ನಾನು ಪೆನ್ನು ಹಿಡಿದುಕೊಂಡು ಕಾಯಬೇಕಾಯಿತು.

“ಹೆಸರು?”

“ಮಾದ.”

“ತಂದೆ ಹೆಸರು?”

“ಅವ್ನೂ ಮಾದ್ನೇಯ. ಅವ್ನು ದೊಡ್ಡ ಮಾದ. ನಾನ್ ಬರೀ ಮಾದ. ಉದ್ದ ಮಡೀಕಂಡು ಏನ್ ಮಾಡಾನ ನರ್ಸಮ್ಮೋರೆ.”

ಬೆಸಗರಹಳ್ಳಿಯ ಹತ್ತಿರ ಒಂದು ಆಲೆಮನೆಯಲ್ಲಿ ಪಾಕ ನೋಡುವುದು ಅವನ ಕೆಲಸ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಗಟ್ಟಿಯಾಗುವಾಗ ಎಲ್ಲಿ ಇಳಿಸಬೇಕೆಂದು ಹೇಳುವವನು ಒಬ್ಬನೇ. ತಣ್ಣೀರಿನಲ್ಲಿ ಬೆರಳು ಅದ್ದಿ, ಪಾಕ ತೆಗೆದು ಉಂಡೆ ಕಟ್ಟಿ ನೋಡುತ್ತಾನೆ. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಅಚ್ಚು ಕೂರುವುದಿಲ್ಲ, ತಡವಾದರೆ ಕಪ್ಪಾಗುತ್ತದೆ. ಸಣ್ಣಮ್ಮ ಕೆಳಗೆ ಒಲೆಗೆ ರಚ್ಚು ಹಾಕುವವಳು. ಹಾಲು ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಗೆ ಅಲ್ಲಿ ರಚ್ಚು ಅನ್ನುತ್ತಾರೆ. ಒಬ್ಬರು ಹೊಗೆಯ ಮೇಲೆ, ಒಬ್ಬರು ಹೊಗೆಯ ಕೆಳಗೆ.

ಮಂಡ್ಯದಲ್ಲಿ ಎಕ್ಸ್‌ರೇ ಪ್ಲೇಟು ತೆಗೆಸಿದೆವು. ಕಾಯಿಲೆ ಒಂದೇ ಕಡೆಯ ಎದೆ ಹಿಡಿದಿತ್ತು. ಡಾಕ್ಟರು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ವಾಸಿ ಆಗುತ್ತೆ. ಆದರೆ ಒಂದು ವರ್ಷ ದಿನಾ ಮಾತ್ರೆ. ನಡುವೆ ಬಿಟ್ಟರೆ ಕಾಯಿಲೆ ಗಟ್ಟಿಯಾಗಿ ತಿರುಗಿ ಬರುತ್ತೆ. ಆಮೇಲೆ ಇದೇ ಮಾತ್ರೆ ಅದಕ್ಕೆ ತಾಗಲ್ಲ.”

“ಪಾಕ ಇದ್ದಂಗೆ ಅನ್ನಿ” ಎಂದ ಮಾದ. “ಅರ್ಧಕ್ಕೆ ಉರಿ ತೆಗುದ್ರೆ ಆಮೇಲೆ ಎಷ್ಟ್ ಕಾಯ್ಸುದ್ರೂ ಅಚ್ಚು ಕೂರಲ್ಲ.”

“ಹಾಗೇ” ಎಂದರು ಡಾಕ್ಟರು.

ಅವನು ಸರಿಯಾಗಿ ಬಂದ. ಮೊದಲ ತಿಂಗಳು ಹೆಂಡತಿಯ ಭುಜ ಹಿಡಿದು, ಎರಡನೆಯ ತಿಂಗಳು ಅವಳಿಲ್ಲದೆ, ಯಾರದೋ ಸೈಕಲ್ಲಿನ ಹಿಂದೆ ಕೂತು. ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ಮಾತಿನ ನಡುವೆ ಬರುವುದು ನಿಂತಿತ್ತು. ಒಂದು ದಿನ ಸಣ್ಣಮ್ಮನೂ ಜೊತೆಗೆ ಬಂದಳು.

“ಈಗ ಉಣ್ತಾನೆ ಕಣ್ರವ್ವ. ಮುದ್ದೆ ಸಾಲ್ದು ಅಂತ ನನ್ನ ಬೈತಾನೆ.”

“ಮತ್ತೆ? ಇವ್ಳ್ ಕಟ್ಟೋ ಮುದ್ದೆ ನಿಂಬೆಅಣ್ಣು ಗಾತ್ರ ನರ್ಸಮ್ಮೋರೆ. ಅಳತೆ ಬರೆದು ಕೊಡಿ ಒಂದು ಚೀಟೀಲಿ.”

“ಬರ್ಕೊಡ್ತಾರೆ ತಡಿ. ರಾಗಿ ತಂದಾಕೋಕೂ ಒಂದ್ ಚೀಟಿ ಬರ್ಕೊಡ್ತಾರೆ ನಿಂಗೆ.”

ಆ ಸಂಜೆ ಮಂಡ್ಯಕ್ಕೆ ಹಿಂದಿರುಗಿ ಅವನ ಕಾರ್ಡನ್ನು ಮುಂದಿನ ಖಾನೆಗೆ ಸರಿಸಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಕ್ಷಯದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಅಂಥ ಸಂಜೆಗಳು ಹೆಚ್ಚು ಸಿಗುವುದಿಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಆ ಆಲೆಮನೆಯ ಎಂಜಿನ್ನು ಕೆಟ್ಟಿತು. ಯಜಮಾನ ರಿಪೇರಿ ಮಾಡಿಸಲಿಲ್ಲ. ಉಳಿದ ಕಬ್ಬನ್ನು ಕಾರ್ಖಾನೆಗೆ ಸಾಗಿಸಿಬಿಟ್ಟ. ಕೂಲಿಯವರ ಮೇಸ್ತ್ರಿ ಗಾಣ ಎತ್ತಿ ತನ್ನ ಆಳುಗಳನ್ನೆಲ್ಲ ಲಾರಿಗೆ ಹತ್ತಿಸಿಕೊಂಡು ಮಳವಳ್ಳಿಯ ಆಚೆ ಇನ್ನೊಂದು ಆಲೆಮನೆಗೆ ಕರೆದುಕೊಂಡು ಹೋದ. ಒಂದೇ ಮಧ್ಯಾಹ್ನದ ಕೆಲಸ. ಮಾದ ಮದ್ದೂರಿಗೆ ಬಂದು ಹೇಳುವುದಕ್ಕೆ ಸಮಯವಿರಲಿಲ್ಲ, ಹೇಳಬೇಕೆಂದು ಅವನಿಗೆ ಹೊಳೆದೂ ಇರಲಾರದು. ಮಾತ್ರೆ ಮುಗಿದ ದಿನ ಅವನು ನೇರವಾಗಿ ಮಳವಳ್ಳಿ ಕೋಣೆಗೆ ಹೋಗಿದ್ದಾನೆ. ಅಲ್ಲಿ ಆದ ಮಾತನ್ನು ಶಿವಲಿಂಗಯ್ಯ ಆಮೇಲೆ ನನಗೆ ಹೇಳಿದರು.

“ನಿನ್ ಎಸ್ರು ನನ್ ಪಟ್ಟೀಲಿ ಇಲ್ಲ ಕಣ್ಲಾ.”

“ಎಸ್ರು ಇಲ್ದಿದ್ರೆ ಏನ್ ಅಣ್ಣಯ್ಯ, ನಾನೇ ಬಂದಿವ್ನಲ್ಲ.”

“ನೀನ್ ಬಂದ್ರೆ ಆಗಲ್ಲ, ನಿನ್ ಕಾರ್ಡು ಬರ್ಬೇಕು.”

“ಅದು ಎಲ್ಲದೆ?”

“ಮಂಡ್ಯದಲ್ಲಿ. ಬೀರೂಲಿ.”

“ಅದ್ಕೆ ಕಾಲ್ ಇದ್ದಿದ್ರೆ ನನ್ ಜೊತೇಲೇ ಬತ್ತಿತ್ತು, ಪಾಪ.”

ಶಿವಲಿಂಗಯ್ಯ ತಮ್ಮ ಕೈಲಾದಷ್ಟು, ನಾಲ್ಕಾರು ದಿನಕ್ಕೆ ಆಗುವಷ್ಟು ಮಾತ್ರೆ ಕೊಟ್ಟರು. ಪಟ್ಟಿಯಲ್ಲಿ ಇಲ್ಲದವನಿಗೆ ಕೊಟ್ಟರೆ ಪಟ್ಟಿಯಲ್ಲಿರುವವನಿಗೆ ಸಾಲದೆ ಬರುತ್ತದೆ. ಮಾತ್ರೆ ಬರುತ್ತಿದ್ದದ್ದೇ ಹೆಸರಿಗೆ ತಕ್ಕಷ್ಟು. ಮಂಡ್ಯಕ್ಕೆ ವರ್ಗಾವಣೆಯ ಕಾಗದ ಬರೆದು ಬಸ್ಸಿಗೆ ಹಾಕಿದರು. ಅದು ನನ್ನ ಮೇಜಿಗೆ ಬಂತು. ಅದೇ ದಿನ ಡಾಕ್ಟರ ಮುಂದೆ ಇಟ್ಟೆ. ಮದ್ದೂರಿನವರು ಮೊದಲು ಅವನ ಹೆಸರು ತೆಗೆದು ಸಹಿ ಮಾಡಿ ಕಳಿಸಬೇಕು, ಇಲ್ಲದಿದ್ದರೆ ಒಬ್ಬನಿಗೇ ಎರಡು ಕಡೆ ಮಾತ್ರೆ ಹೋಗುತ್ತದೆ ಎಂದರು. ಹಿಂದೆ ಹಾಗೆ ಆಗಿದ್ದೂ ಉಂಟು. ಮದ್ದೂರಿಗೆ ಬರೆದೆ. ಮದ್ದೂರಿನ ಕಾಂಪೌಂಡರು ಮಗಳ ಮದುವೆಗೆ ರಜೆ ಹಾಕಿದ್ದರು. ಅವರು ಬಂದು, ಸಹಿ ಮಾಡಿ, ಕಾಗದ ಹಿಂದಕ್ಕೆ ಬರುವುದಕ್ಕೆ ಮದುವೆಯ ಊಟ, ಬೀಗರ ಔತಣ ಎಲ್ಲ ಮುಗಿಯಬೇಕಾಯಿತು. ಅಷ್ಟರಲ್ಲಿ ಮಾದ ಇನ್ನೂ ಎರಡು ಸಲ ಮಳವಳ್ಳಿಗೆ ಬಂದು ಬರಿಗೈಯಲ್ಲಿ ಹೋಗಿದ್ದ.

ಕೊನೆಗೆ ವರ್ಗಾವಣೆ ಆಯಿತು. ಮಾದನ ಹೆಸರು ಮಳವಳ್ಳಿಯ ಪಟ್ಟಿಗೆ ಸೇರಿತು. ಅವನ ಕಾರ್ಡನ್ನು ಮದ್ದೂರಿನ ಪೆಟ್ಟಿಗೆಯಿಂದ ತೆಗೆದು ಮಳವಳ್ಳಿಯ ಪೆಟ್ಟಿಗೆಗೆ ಹಾಕಿದೆ. ಇಲ್ಲಿ ಒಂದು ಕ್ರಮ ಇತ್ತು. ವರ್ಗಾವಣೆಯಾದ ಕಾರ್ಡು ಆ ದಿನದಿಂದ ಒಂದು ತಿಂಗಳ ಮುಂದಿನ ಖಾನೆಗೆ ಹೋಗಬೇಕು; ಹೊಸ ಜಾಗದಲ್ಲಿ ಆ ದಿನ ಅವನಿಗೆ ಮಾತ್ರೆ ಸಿಕ್ಕಿದೆ ಎಂಬುದು ಅದರ ಅರ್ಥ. ಪೆಟ್ಟಿಗೆ ರೋಗಿಯ ಎದುರಿಗೇ ಇದ್ದ ಕಾಲದಲ್ಲಿ ಮಾಡಿದ ಕ್ರಮ ಅದು. ಆಗ ಮನುಷ್ಯ ಎದುರಿಗೆ ನಿಂತು ಮಾತ್ರೆ ತೆಗೆದುಕೊಂಡ ಮೇಲೇ ಕಾರ್ಡು ಹೊಸ ಪೆಟ್ಟಿಗೆಗೆ ಹೋಗುತ್ತಿತ್ತು. ಈಗ ಪೆಟ್ಟಿಗೆ ಮಂಡ್ಯದ ಮಹಡಿಯ ಮೇಲಿತ್ತು. ಕ್ರಮ ಹಾಗೆಯೇ ಉಳಿದಿತ್ತು. ಒಂದು ತಿಂಗಳು ಪ್ರತಿ ಸಂಜೆ ನಾನು ಖಾನೆ ನೋಡಿದೆ, ಡಾಕ್ಟರು ಪೆಟ್ಟಿಗೆಗಳ ತಿಂಗಳ ತಪಾಸಣೆ ಮಾಡಿದರು. ಪೆಟ್ಟಿಗೆಯ ಪ್ರಕಾರ ಮಾದ ಚೆನ್ನಾಗಿದ್ದ.

ಆ ತಿಂಗಳು ತುಂಬಿದ ಸಂಜೆ ಅವನ ಕಾರ್ಡು ಖಾನೆಯಲ್ಲಿ ಉಳಿಯಿತು. ಮಳವಳ್ಳಿಯ ಪಟ್ಟಿಗಳನ್ನು ಹಿಂದಿನಿಂದ ತಿರುವಿ ನೋಡಿದೆ. ಬಂದವರಲ್ಲಿ ಅವನು ಎಲ್ಲೂ ಇರಲಿಲ್ಲ. ಕಾಗದ ಹಾಕಿ ಕಾಯುವುದನ್ನು ಬಿಟ್ಟು ಮಾರನೆಯ ದಿನವೇ ಹೊರಟೆ. ಮಳವಳ್ಳಿಯಲ್ಲಿ ಶಿವಲಿಂಗಯ್ಯನವರನ್ನು ಕರೆದುಕೊಂಡು, ಬಸ್ಸು ಇಳಿದು ಗದ್ದೆಯ ಬದುವಿನ ಮೇಲೆ ನಡೆದು ಆಲೆಮನೆಗೆ ಹೋದೆವು. ಬಿಸಿಲು ಏರಿತ್ತು. ಎಂಜಿನ್ನಿನ ಸದ್ದು ದೂರಕ್ಕೇ ಕೇಳುತ್ತಿತ್ತು.

ಮಾದ ಕೊಪ್ಪರಿಗೆಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತಿದ್ದ. ಸಣ್ಣಮ್ಮ ನಿಂತು ಉದ್ದನೆಯ ಸೌಟಿನಲ್ಲಿ ಹಾಲು ತಿರುವುತ್ತಿದ್ದಳು. ಒಲೆಯ ಕೆಲಸಕ್ಕೆ ಬೇರೆ ಯಾರೋ ಹೆಂಗಸು ಬಂದಿದ್ದಳು. ಅವನ ಕತ್ತಿನ ಮೂಳೆಗಳು ದೂರದಿಂದಲೇ ಕಾಣುತ್ತಿದ್ದವು. ಸಂಕ್ರಾಂತಿಯಲ್ಲಿ ಕಂಡ ಮನುಷ್ಯ ಅಲ್ಲಿ ಇರಲಿಲ್ಲ.

“ಕಾರ್ಡು ಬಂತಾ ನರ್ಸಮ್ಮೋರೆ?” ಎಂದ.

“ಬಂದಿದೆ.”

“ಆಗ್ಲಿ ಬುಡಿ. ಅದಾರ ಒಂದ್ ಕಡೆ ನೆಟ್ಗಿರ್ಲಿ.”

“ಯಾಕೆ ಮತ್ತೆ ಬರಲಿಲ್ಲ ಮಾದ? ಹೆಸರು ಬಂದಿತ್ತಲ್ಲ.”

ಉತ್ತರ ಕೊಟ್ಟವಳು ಸಣ್ಣಮ್ಮ, ಕೈ ನಿಲ್ಲಿಸದೆ. “ಮೂರ್ ಸತಿ ಓದ. ಓದ್ ದಿನ ಇಲ್ಲಿ ಪಾಕ ನೋಡೋರಿಲ್ಲ. ಒಂದ್ ಕೊಪ್ಪರಿಗೆ ಕೆಡ್ತು. ಇನ್ನೊಂದ್ ಸತಿ ಎದ್ದೋದ್ರೆ ಬ್ಯಾರೆಯವನ್ನ ಕರೀತೀನಿ ಅಂದ ಮೇಸ್ತ್ರಿ. ನಾಕ್ನೇ ಸತಿಗೆ ಬಂದದೆ ಅಂತ ನಮ್ಗೆ ಕನ್ಸು ಬಿದ್ದಿತ್ತಾ?”

ಶಿವಲಿಂಗಯ್ಯ ತಲೆ ತಗ್ಗಿಸಿ ನೆಲ ನೋಡಿದರು. “ನಾನಾರ ಬಂದು ಏಳ್ಬೇಕಿತ್ತು ಕಣವ್ವ. ಯಾವ್ ಆಲೆಮನೆ ಅಂತ ಕೇಳ್ನೇ ಇಲ್ಲ ನಾನು.”

“ಬುಡಣ್ಣ. ನೀನ್ ಬಂದಿದ್ರೆ ಅಲ್ಲಿ ಬೀಗ ಆಕಿರ್ತಿತ್ತು” ಎಂದ ಮಾದ. ನಗಲು ಹೋಗಿ ಕೆಮ್ಮಿದ. ಟವಲನ್ನು ಬಾಯಿಗೆ ಒತ್ತಿಕೊಂಡ. ಅದರ ಮೇಲೆ ಕೆಂಪು ಹಳೆಯದೂ ಇತ್ತು, ಹೊಸದೂ ಇತ್ತು.

ಮಂಡ್ಯಕ್ಕೆ ಕರೆತಂದೆವು. ಡಾಕ್ಟರು ಹೊಸ ಪ್ಲೇಟನ್ನೂ ಹಳೆಯದನ್ನೂ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದರು. ಹಳೆಯದು ಬೀರುವಿನಲ್ಲಿ ಒಂದು ಗೀರೂ ಇಲ್ಲದೆ ಉಳಿದಿತ್ತು. ಹೊಸದರಲ್ಲಿ ಎದೆಯ ಎರಡೂ ಕಡೆ ಮೋಡ. ಮತ್ತೆ ಅದೇ ಮಾತ್ರೆ ಶುರುಮಾಡಿದರು, ಸೂಜಿಯನ್ನೂ ಸೇರಿಸಿದರು. ಕಫದ ಪರೀಕ್ಷೆ ಒಂದರ ಮೇಲೊಂದು ಕೆಟ್ಟದಾಗಿಯೇ ಬಂತು. ಬೇರೆ ಔಷಧಿ ಮೈಸೂರಿನಲ್ಲಿ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಮಾತ್ರ. ಡಾಕ್ಟರು ತಾವೇ ಹೋಗಿ ಕೇಳಿ ಬಂದರು. ಹಾಸಿಗೆಗೆ ಸರದಿ ಇತ್ತು.

“ಎಷ್ಟು ದಿನ ಸಾರ್?” ಎಂದೆ.

“ಅವನಿಗೆ ಇರುವುದಕ್ಕಿಂತ ಹೆಚ್ಚು” ಎಂದರು.

ಯುಗಾದಿ ಆಯಿತು. ಆಲೆಮನೆಗಳು ತಣ್ಣಗಾದವು. ಮಾದನನ್ನು ಸಣ್ಣಮ್ಮ ತನ್ನ ತಾಯಿ ಇದ್ದ ಊರಿಗೆ, ಹೊಳಲಿಗೆ ಕರೆದುಕೊಂಡು ಹೋದಳು. ಅಲ್ಲಿಗೆ ನಾನು ಮೂರು ನಾಲ್ಕು ಸಲ ಹೋಗಿ ಸೂಜಿ ಕೊಟ್ಟು ಬಂದೆ. ಪ್ರಯೋಜನ ಇಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೊನೆಯ ಸಲ ಅವನು, “ಕೈ ನೋಯ್ಸ್ಬೇಡಿ ನರ್ಸಮ್ಮೋರೆ, ಇವತ್ತೊಂದಿನ ಬುಡಿ” ಎಂದ. ಸೂಜಿ ಹಾಗೆಯೇ ಹಿಂದಕ್ಕೆ ತಂದೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಅವನು ತೀರಿಕೊಂಡ. ಕಾರ್ಡನ್ನು ಅಡಿಯ ಡ್ರಾಕ್ಕೆ ಹಾಕಿದೆ.

ಡಾಕ್ಟರು ಮತ್ತೊಮ್ಮೆ ನಮ್ಮನ್ನೆಲ್ಲ ಕರೆಸಿದರು. ಪೆಟ್ಟಿಗೆಗಳು ರೋಗಿಗಳಿದ್ದ ಕಡೆಗೆ ಹೋಗಲಿ ಎಂದರು. ಯಾರೂ ಎದುರಾಡಲಿಲ್ಲ. ಮಳವಳ್ಳಿಯ ಪೆಟ್ಟಿಗೆಯನ್ನು ನಾನೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕೋಣೆಯ ಹೆಂಚು ತಿರುವಿ ಹಾಕಿಸುವುದಾಗಿ ಮನೆಯ ಮಾಲೀಕ ಒಪ್ಪಿದ್ದ. ಒಪ್ಪಿದ್ದು ಮಾತಿನಲ್ಲಿ. ಮಳೆ ಹಿಡಿದುಕೊಂಡಿತು. ಒಂದು ಭಾನುವಾರ, ಕೋಣೆಗೆ ಬೀಗ ಹಾಕಿದ್ದಾಗ, ಪೆಟ್ಟಿಗೆ ಇದ್ದ ಮೂಲೆಯ ಮೇಲೆಯೇ ಹೆಂಚು ಜಾರಿತು.

ನಾನು ಹೋದಾಗ ಶಿವಲಿಂಗಯ್ಯ ಚಾಪೆಯ ಮೇಲೆ ಕಾರ್ಡುಗಳನ್ನು ಹರವಿಕೊಂಡು, ಇದ್ದಿಲ ಒಲೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದರು. ಶಾಯಿಯೆಲ್ಲ ಕರಗಿ ಕಾರ್ಡುಗಳು ತಿಳಿನೀಲಿ ಆಗಿದ್ದವು. ಒಂದನ್ನು ಎತ್ತಿ ನನಗೆ ತೋರಿಸಿದರು.

“ಇದು ಯಾರ್ದು ಏಳಿ ಸಿಸ್ಟರೇ.”

ಊರಿನ ಹೆಸರಿನ ಒಂದು ಬಾಲ ಉಳಿದಿತ್ತು, ಪುರ ಎಂದು. ಮಳವಳ್ಳಿಯ ಸುತ್ತ ಎಷ್ಟು ಪುರಗಳಿವೆಯೋ. ರಿಜಿಸ್ಟರು ಇತ್ತು, ಹೆಸರುಗಳು ಇದ್ದವು. ಯಾರು ಯಾವ ದಿನ ಬರಬೇಕಾಗಿತ್ತು, ಯಾರು ಎಷ್ಟು ತಿಂಗಳು ತಿಂದಿದ್ದರು ಎಂಬುದು ನೀರಿನಲ್ಲಿ ಹೋಗಿತ್ತು. ಬಂದವರನ್ನು ಕೇಳಿ ಕೇಳಿ ಹೊಸದಾಗಿ ಬರೆದೆವು. ಬಾರದವರನ್ನು ಕೇಳುವುದು ಹೇಗೆ? ಅವರಲ್ಲಿ ಕೆಲವರು ಆಮೇಲೂ ಬರಲಿಲ್ಲ. ಅವರು ಮಾತ್ರೆ ಬಿಟ್ಟವರೋ, ಊರು ಬಿಟ್ಟವರೋ, ಜೀವ ಬಿಟ್ಟವರೋ ನಮಗೆ ತಿಳಿಯಲಿಲ್ಲ.

ಇದಾದ ಮೇಲೆ ಕಾರ್ಡಿಗೆ ಎರಡು ಪ್ರತಿ ಎಂದಾಯಿತು, ಒಂದು ಅಲ್ಲಿ, ಒಂದು ಮಂಡ್ಯದಲ್ಲಿ. ಎರಡು ಪ್ರತಿಗಳು ಒಂದನ್ನೊಂದು ಒಪ್ಪುತ್ತಿದ್ದದ್ದು ಮೊದಲ ವಾರ ಮಾತ್ರ. ಅಲ್ಲಿ ಬಂದ ಎಂದಿದ್ದರೆ ಇಲ್ಲಿ ಬಂದಿಲ್ಲ, ಇಲ್ಲಿ ಮದ್ದೂರು ಎಂದಿದ್ದರೆ ಅಲ್ಲಿ ಮಳವಳ್ಳಿ. ಯಾವುದು ನಿಜ ಎಂದು ತಿಳಿಯಲು ಬಸ್ಸು ಹತ್ತಬೇಕು. ನಾನು ಬಸ್ಸು ಹತ್ತುತ್ತಲೇ ಇದ್ದೆ. ಡಾಕ್ಟರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೋಗುವ ದಿನ ಮಹಡಿಯ ಕೋಣೆಗೆ ಬಂದು ಬೀರುವನ್ನು ನೋಡುತ್ತ ನಿಂತಿದ್ದರು. ಆಮೇಲೆ ಕೊಡೆ ತೆಗೆದುಕೊಂಡು ಇಳಿದು ಹೋದರು.

ದೀಪಾವಳಿ ಕಳೆದು ಮತ್ತೆ ಹೊಗೆ ಎದ್ದಿತು. ಮದ್ದೂರು ಕೋಣೆಯಲ್ಲಿ ಒಂದು ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಸಣ್ಣಮ್ಮ ನಿಂತಿದ್ದಳು. ಅವಳ ಸರದಿ ಬರುವ ಮುಂಚೆಯೇ ಕೆಮ್ಮು ಕೇಳಿ ನನಗೆ ಗೊತ್ತಾಯಿತು. ಅವಳನ್ನು ಹೋದ ಬೇಸಿಗೆಯಲ್ಲೇ ಪರೀಕ್ಷೆ ಮಾಡಿಸಿದ್ದೆ, ಆಗ ಏನೂ ಇರಲಿಲ್ಲ. ಈಗ ಇತ್ತು.

“ಯಾವ ಆಲೆಮನೆ?” ಎಂದೆ.

“ಅದೇ ಮೇಸ್ತ್ರಿ. ಈಗ ಕೊಪ್ಪರಿಗೆ ನಾನೇ ನೋಡ್ತೀನಿ. ಅವ್ನು ಕಲ್ಸಿದ್ನಲ್ಲ.”

“ಒಂದು ವರ್ಷ ಬಿಡದೆ ತಿನ್ನಬೇಕು ಸಣ್ಣಮ್ಮ.”

“ಗೊತ್ತು ಕಣ್ರವ್ವ.”

ಎರಡು ಕಾರ್ಡು ತೆಗೆದು ಬರೆಯತೊಡಗಿದೆ. ಅವಳು ಮೇಜಿನ ಮೇಲೆ ಕೈ ಇಟ್ಟು ನಾನು ಬರೆಯುವುದನ್ನೇ ನೋಡುತ್ತಿದ್ದಳು. ಬೆರಳ ತುದಿಗಳು ಪಾಕದಿಂದ ಸುಟ್ಟು ಬೆಳ್ಳಗಾಗಿದ್ದವು.

“ಇದ್ನ ಎಲ್ಲಿ ಮಡಗ್ತೀರಿ?”

“ಒಂದು ಇಲ್ಲಿ. ಒಂದು ಮಂಡ್ಯದಲ್ಲಿ.”

“ಅವುಂದು ಎಲ್ಲದೆ?”

“ಅದೂ ಮಂಡ್ಯದಲ್ಲೇ.”

“ಅಂಗಾರೆ ಅದ್ರ ಪಕ್ಕದಲ್ಲೇ ಮಡಗಿ.”

“ಹಾಗೆ ಇಡೋಕೆ ಬರಲ್ಲ ಸಣ್ಣಮ್ಮ. ತೀರಿಕೊಂಡವರದು ಬೇರೆ ಡ್ರಾದಲ್ಲಿ ಇರುತ್ತೆ.”

ಅವಳು ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು.

“ಅಂಗಾರೆ ಒಸಿ ದಿನ ತಡೀರಿ” ಎಂದಳು.

ಮುಂದಿನ ತಿಂಗಳು ಬಂದಳು. ಅದರ ಮುಂದಿನ ತಿಂಗಳು ಮೇಸ್ತ್ರಿ ಗಾಣ ಎತ್ತಿದ್ದ. ಮಳವಳ್ಳಿಗೆ ಬರೆದೆ, ಶಿವಲಿಂಗಯ್ಯ ಸುತ್ತಲ ಆಲೆಮನೆಗಳನ್ನೆಲ್ಲ ತಾವೇ ನಡೆದು ನೋಡಿ ಬಂದರು. ಹೊಳಲಿಗೂ ಹೋದೆ. ಅವಳ ತಾಯಿ, “ಎಲ್ಲಿ ಉರಿ ಆಕವ್ರೋ ಅಲ್ಲಿರ್ತಾಳೆ” ಎಂದು ಹೇಳಿ ಒಳಗೆ ಹೋದಳು. ಹಿಂದಿರುಗುವಾಗ ಮದ್ದೂರಿನಲ್ಲಿ ಇಳಿದು ಅಲ್ಲಿಯ ಕಾರ್ಡು ತೆಗೆದೆ, ಸಂಜೆ ಮಂಡ್ಯದಲ್ಲಿ ಇನ್ನೊಂದನ್ನು ತೆಗೆದೆ. ಎರಡರಲ್ಲೂ ಒಂದೇ ಮಾತು ಬರೆದೆ. ಬಂದಿಲ್ಲ.